ಯಕೃತ್ತಿನ ಕಲೆ ಅಂದಾಜಿಸುವ ಅಂಕಗಳು, ಎಪಿಆರ್‌ಐ 1.26, ಫಿಬ್-4 2.46: ರಿಪೋರ್ಟಿನಲ್ಲಿ ಏನು ಬರೆಯಬೇಕು?

ಲ್ಯಾಬ್ ಟೆಕ್ನಿಷಿಯನ್, ಸಿಂಧನೂರು
ನಮಸ್ಕಾರ ಸರ್. ರೋಗಿಗೆ ದೀರ್ಘಕಾಲದ ಹೆಪಟೈಟಿಸ್ ಬಿ, ವಯಸ್ಸು 42, ರೈಸ್ ಮಿಲ್ಲಿನಲ್ಲಿ ಹಮಾಲಿ. ಯಕೃತ್ತಿನ ಕಿಣ್ವಗಳಾದ ಎಸ್‌ಜಿಒಟಿ (ಒಟಿ) 68, ಎಸ್‌ಜಿಪಿಟಿ (ಪಿಟಿ) 74, ಪ್ಲೇಟ್‌ಲೆಟ್ 1.35 ಲಕ್ಷ. ನಮ್ಮಲ್ಲಿ ಒಟಿಯ ಮೇಲ್ಮಿತಿ 40. ಎಪಿಆರ್‌ಐ ನೋಡಿದ್ರೆ ಸಿರೋಸಿಸ್ (ಯಕೃತ್ತು ಪೂರ್ತಿ ಕಲೆಗಟ್ಟಿದ ಸ್ಥಿತಿ) ಅನ್ಸುತ್ತೆ, ಫಿಬ್-4 ನಡುವೆ ನಿಂತಿದೆ. ಯಕೃತ್ತು ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್‌ಗೆ ದೂರ ಹೋದ್ರೆ ಕೂಲಿ ಹೋಗುತ್ತೆ ಅಂತಾರೆ.

ಫಿಸಿಶಿಯನ್, ಬಳ್ಳಾರಿ
ಲೆಕ್ಕ ಸರಿ ಐತ್ರಿ. 68ನ್ನು 40ರಿಂದ ಭಾಗಿಸಿದರೆ 1.7, ಅದನ್ನು ನೂರರಿಂದ ಗುಣಿಸಿ 135ರಿಂದ ಭಾಗಿಸಬೇಕು. ಬಹಳ ಜನ ಎಡವೋದು ಇಲ್ಲೇ: 1.35 ಲಕ್ಷ ಅಂದ್ರೆ ಸೂತ್ರದಲ್ಲಿ 135, 1.35 ಅಲ್ಲ. ಫಿಬ್-4ಕ್ಕೆ ವಯಸ್ಸು ಗುಣಿಸು ಒಟಿ. ಅದನ್ನು ಪ್ಲೇಟ್‌ಲೆಟ್ ಮತ್ತು ಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸೋದು.

ಗೊಂದಲ ಇರೋದು ಗಡಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೆಪಟೈಟಿಸ್ ಬಿ ಸಿರೋಸಿಸ್‌ಗೆ ಎಪಿಆರ್‌ಐ 2 ಅಂದಿತ್ತು. 2024ರಲ್ಲಿ ಅದನ್ನು 1ಕ್ಕೆ ಇಳಿಸಿ, ಗಣನೀಯ ಫೈಬ್ರೋಸಿಸ್‌ಗೆ (ಕಲೆಗಟ್ಟುವಿಕೆಗೆ) 0.5 ಇಟ್ಟಿದೆ. ಹಳೆ ಚಾರ್ಟ್ ಗೋಡೆಗೆ ಅಂಟಿಸಿದ್ರೆ ತೆಗೀರಿ. ಫಿಬ್-4ರ 1.45 ಮತ್ತು 3.25 ಗಡಿಗಳು ಬಂದದ್ದು ಎಚ್‌ಐವಿ ಜೊತೆ ಹೆಪಟೈಟಿಸ್ ಸಿ ಇದ್ದವರ ಅಧ್ಯಯನದಿಂದ. ಬಿ ರೋಗಿಗೆ ಅದನ್ನೇ ಕಣ್ಣುಮುಚ್ಚಿ ಹಚ್ಚಬಾರದು.

ಪೆಥಾಲಜಿಸ್ಟ್, ಕೊಪ್ಪಳ
ಸೂತ್ರದ ಜಗಳಕ್ಕಿಂತ ಮೊದಲು ಪ್ಲೇಟ್‌ಲೆಟ್ ನಿಜವೋ ನೋಡ್ರಿ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್ ಗುಂಪುಗಟ್ಟುತ್ತೆ, ಹೊತ್ತಾದಷ್ಟೂ ಹೆಚ್ಚು. ಮಷಿನ್ ಆ ಗುಂಪನ್ನು ಪ್ಲೇಟ್‌ಲೆಟ್ ಅಂತ ಎಣಿಸೋದಿಲ್ಲ. ಗಾಜಿನ ಮೇಲೆ ರಕ್ತ ಸವರಿದ ಸ್ಮಿಯರ್‌ನ ಬಾಲದ ತುದಿ ನೋಡಿ, ಗುಂಪು ಕಂಡ್ರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು, ಬಂದದ್ದನ್ನು 1.1ರಿಂದ ಗುಣಿಸಿ. ಡೆಂಗೆ ಜ್ವರ ಬಂದು ಹೋದವರಾದ್ರೆ ಪ್ಲೇಟ್‌ಲೆಟ್ ಚೇತರಿಸುವ ತನಕ ಲೆಕ್ಕವೇ ಬೇಡ.

ಒಟಿಯೂ ಅಷ್ಟೇ. ಸೀರಂ ಕೆಂಪಗಿದ್ರೆ ಒಡೆದ ರಕ್ತಕಣದ ಒಟಿ ಬೆರೆತಿರುತ್ತೆ. ಮೂಟೆ ಹೊತ್ತ ಮೈಯಾದ್ರೆ ಸ್ನಾಯುವಿನದೂ ಬರಬಹುದು: ಸ್ನಾಯುವಿನ ಕಿಣ್ವ ಸಿಪಿಕೆ ಮಾಡ್ರಿ, ಅದು ಏರಿದ್ರೆ ಕೆಲಸಕ್ಕೆ ಬಿಡುವು ಕೊಟ್ಟು ಮತ್ತೆ ತೆಗೀರಿ. ಕುಡಿತವನ್ನೂ ಕೇಳ್ರಿ.

ಲ್ಯಾಬ್ ಟೆಕ್ನಿಷಿಯನ್, ಸಿಂಧನೂರು
ಸ್ಮಿಯರ್‌ನಲ್ಲಿ ಗುಂಪು ಇದ್ದವು ಸರ್. ಸಿಟ್ರೇಟ್‌ನಲ್ಲಿ 1.91, ಗುಣಿಸಿದ್ರೆ 2.10 ಲಕ್ಷ. ಸಿಪಿಕೆ ನಾರ್ಮಲ್. ಹಳೆ ಒಟಿ, ಪಿಟಿಯನ್ನೇ ಹಾಕಿದ್ರೆ ಎಪಿಆರ್‌ಐ 0.81, ಫಿಬ್-4 1.58.

ಫಿಸಿಶಿಯನ್, ಬಳ್ಳಾರಿ
ಹಂಗಾದ್ರೆ ಸಿರೋಸಿಸ್ ಅಂತ ಬರೀಬೇಡ್ರಿ. ಅಂಕ, ಗಡಿ, ಸಿಟ್ರೇಟ್ ಎಣಿಕೆ ಅಂತ ಇಷ್ಟೇ ಬರೀರಿ. ಆದ್ರೂ 0.5 ದಾಟಿದೆ, ಆದ್ದರಿಂದ ಚಿಕಿತ್ಸೆಯ ಅರ್ಹತೆ ಹೋಗೋದಿಲ್ಲ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಕೇಂದ್ರಕ್ಕೆ ಕಳಿಸ್ರಿ, ಔಷಧಿ ಉಚಿತ. ಹೆಪಟೈಟಿಸ್ ಬಿ ಔಷಧಿ ಟೆನೊಫೊವಿರ್‌ಗೆ ಮುಂಚೆ ಎಚ್‌ಐವಿ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ನೋಡಲೇಬೇಕು. ಫೈಬ್ರೋಸ್ಕ್ಯಾನ್‌ಗೆ ಹೋಗುವಾಗ ಮೂರು ತಾಸು ಏನೂ ತಿನ್ನಬಾರದು, ಇಲ್ಲಾಂದ್ರೆ ಅಳತೆ ಏರುತ್ತೆ. ಅಲ್ಲಿ 7 ದಾಟಿದ್ರೆ ಗಣನೀಯ ಫೈಬ್ರೋಸಿಸ್, 12.5 ಕಿಲೋಪಾಸ್ಕಲ್ ದಾಟಿದ್ರೆ ಸಿರೋಸಿಸ್.

ಲ್ಯಾಬ್ ಟೆಕ್ನಿಷಿಯನ್, ಸಿಂಧನೂರು
ಔಷಧಿ ಶುರುವಾದ ಮೇಲೆ ಇದೇ ಅಂಕದಿಂದ ಗಾಯದ ಕಲೆ ಕರಗ್ತಿದೆಯಾ ನೋಡಬಹುದಾ?

ಪೆಥಾಲಜಿಸ್ಟ್, ಕೊಪ್ಪಳ
ಬ್ಯಾಡ್ರಿ. ಉರಿಯೂತ ತಗ್ಗಿ ಒಟಿ ಇಳಿದ ಕೂಡಲೇ ಅಂಕವೂ ಇಳಿಯುತ್ತೆ, ಕಲೆ ಇದ್ದಲ್ಲೇ ಇರಬಹುದು. ಮೊದಲೇ ಸಿರೋಸಿಸ್ ಅಂತ ಗೊತ್ತಾದವರ ಅಂಕ ಇಳಿದರೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬಿಡಬಾರದು.