ಬೇಸಿಕ್ ರಿಸರ್ಚ್‌ಗೆ ಕನ್ನಡದಲ್ಲಿ ಏನು? ಫ್ಲೆಕ್ಸ್ ನಾಳೆ ಪ್ರಿಂಟಿಗೆ ಹೋಗ್ಬೇಕು

ದಾವಣಗೆರೆಯಿಂದ:
ಎಲ್ರಿಗೂ ನಮಸ್ಕಾರ, ಅರ್ಜೆಂಟ್ ಐತಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಕಾಲೇಜಲ್ಲಿ ಪ್ರದರ್ಶನ, ಒಂದು ಫಲಕ ನನ್ನ ತಲೆಗೆ ಕಟ್ಟಿದಾರೆ. ಬೇಸಿಕ್ ರಿಸರ್ಚ್‌ಗೆ (ತಕ್ಷಣದ ಉಪಯೋಗ ನೋಡದೆ ಬರೀ ತಿಳ್ಕೊಳ್ಳೋಕೆ ಮಾಡೋದು) ಸರ್ಕಾರ ಯಾಕೆ ದುಡ್ಡು ಹಾಕ್ಬೇಕು, ಹಾಕದಿದ್ರೆ ದೇಶ ಹೆಂಗೆ ಹಿಂದೆ ಬೀಳ್ತತಿ ಅನ್ನೋದು ವಿಷಯ. ‘ಮೂಲಭೂತ ಸಂಶೋಧನೆ’ ಅಂತ ಬರೆದೆ, ಹುಡುಗ್ರು ನೋಡಿ ರಸ್ತೆ ಚರಂಡಿ ಬಗ್ಗೆನಾ ಸಾರ್ ಅಂದ್ರು. ‘ಮೂಲ ಸಂಶೋಧನೆ’ ಅಂದ್ರೆ ಕದ್ದಿದ್ದಲ್ಲ, ಸ್ವಂತದ್ದು ಅನ್ನೋ ಅರ್ಥ ಬರ್ತತಿ, ಅದೂ ಅಲ್ದೆ ‘ಮೂಲ’ ಅಂತ ದೊಡ್ಡಕ್ಷರದಲ್ಲಿ ಹಾಕಿದ್ರೆ ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ಯಾವ ಜಾಹೀರಾತು ನೆನಪಾಗ್ತತಿ ಅಂತ ನಿಮಗೇ ಗೊತ್ತು. ಕಾಂಪಿಟಿಟಿವ್‌ನೆಸ್‌ಗೂ ಒಂದು ಪದ ಬೇಕು, ‘ಸ್ಪರ್ಧಾತ್ಮಕತೆ’ ಒಂದು ಸಾಲಿಗೆ ಹಿಡೀತಿಲ್ಲ. ನಾಳೆ ಮಧ್ಯಾಹ್ನ ಎರಡರೊಳಗೆ ಹೇಳಿ.

ಹಿರಿಯೂರಿಂದ:
ಬುಡದರಕೆ, ಅಂದ್ರೆ ಬುಡದ ಅರಕೆ. ಅರಸು (ಹುಡುಕು) ಅನ್ನೋದರಿಂದ ಅರಕೆ, ಮಾಡೋನು ಅರಕೆಗಾರ. ಅಪ್ಪಟ ಕನ್ನಡ. ಸಂಶೋದನೆ, ಮೂಲಬೂತ, ಸ್ಪರ್ದಾತ್ಮಕತೆ ಅಂತ ಸಂಸ್ಕ್ರುತ ಹೊತ್ತು ತಂದು ಮಕ್ಕಳ ತಲೆ ಮೇಲೆ ಹೇರಿ, ಆಮೇಲೆ ಅರಿಮೆ (ನಿಮ್ಮ ವಿಗ್ನಾನ) ಕಶ್ಟ ಅಂತಾರೆ ಅಂತ ಮಕ್ಕಳನ್ನೇ ಬಯ್ಯೋದು ಯಾವ ನ್ಯಾಯ?

ಚಳ್ಳಕೆರೆಯಿಂದ:
ಆ ‘ನ್ಯಾಯ’ ಎಲ್ಲಿಂದ ಬಂತು ಸ್ವಾಮಿ? ಇರ್ಲಿ. ಅರಕೆ ಅಂದ್ರೆ ನಿಘಂಟಲ್ಲಿ ಕೊರತೆ ಅಂತ ಐತೆ. ನಮ್ಮ ಸೀಮೇಲಿ ‘ಹ’ ನುಂಗಿ ಮಾತಾಡೋರಿಗೆ ಅರಕೆ ಅಂದ್ರೆ ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಕಟ್ಕೊಳ್ಳೋದು. ‘ಬುಡದರಕೆಗೆ ಸರ್ಕಾರದ ದುಡ್ಡು’ ಅಂತ ಬೋರ್ಡ್ ಹಾಕ್ರಿ, ತೇರಿನ ಖರ್ಚಿಗೆ ಅಂತ ಓದ್ಕಂತಾರೆ. ಕೊರತೆ ಅನ್ನೋ ಅರ್ಥಕ್ಕಾದ್ರೆ ಸರಿಯಾಗೇ ಕೂರ್ತತೆ ಬಿಡಿ, ದೇಶ ಸಂಶೋಧನೆಗೆ ಹಾಕಿದ್ದು 2020-21ರ ಲೆಕ್ಕದಲ್ಲಿ ಜಿಡಿಪಿಯ 0.64 ಪರ್ಸೆಂಟ್, ದಕ್ಷಿಣ ಕೊರಿಯಾ ಐದರ ಹತ್ರ ಐತೆ. ‘ಬುನಾದಿ ಸಂಶೋಧನೆ’ ಅನ್ರಿ, ಮುಗೀತು. ಇಲ್ಲಿ ಕುದಾಪುರದ ಕಾವಲಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಗೆ 1500 ಎಕರೆ ಕೊಟ್ರು, ದನ ಮೇಯ್ಸೋರು ಒಳಗೇನ್ ಮಾಡ್ತಾರಪ್ಪ ಅಂತ ಕೇಳಿದ್ರೆ ಹೇಳಾಕೆ ನಮ್ಮತ್ರ ನೆಟ್ಟಗೆ ಒಂದು ಪದ ಇಲ್ಲ.

ಚಿತ್ರದುರ್ಗದಿಂದ:
ಬುನಾದಿ ಪಾರ್ಸಿ. ಅಡಿಪಾಯದ ‘ಪಾಯ’ನೂ ಪಾರ್ಸಿ. ಎಲ್ರೂ ಮೊದಲ ಪದದ ಬೆನ್ನು ಬಿದ್ದಿದೀರಿ, ತಕರಾರು ಇರೋದು ಎರಡನೇದ್ರಲ್ಲಿ. ಸಂಶೋಧನ ಅಂದ್ರೆ ಸಂಸ್ಕೃತದಲ್ಲಿ ಶುದ್ಧ ಮಾಡೋದು, ಓಲೆಗರಿ ಪಾಠ ತಿದ್ದೋರಿಗೆ ಒಪ್ಪುತ್ತೆ, ಲ್ಯಾಬಲ್ಲಿ ಕೂತೋರು ಏನು ಶುದ್ಧ ಮಾಡ್ತಿದಾರೆ? ಹಿಂದಿಯಲ್ಲಿ ಅದೇ ಪದ ಕಾನೂನಿನ ತಿದ್ದುಪಡಿ. ಅಲ್ಲಿ ರಿಸರ್ಚ್‌ಗೆ ಅನುಸಂಧಾನ, 2023ರ ಕಾಯ್ದೆಯಿಂದ ಬಂದ ಸಂಸ್ಥೆ ಹೆಸರೂ ಅನುಸಂಧಾನ ನ್ಯಾಷನಲ್ ರಿಸರ್ಚ್ ಫೌಂಡೇಶನ್. ನಮಗೆ ಅನುಸಂಧಾನ ಅಂದ್ರೆ ಧ್ಯಾನ. ಐದು ವರ್ಷಕ್ಕೆ 50,000 ಕೋಟಿ ಅಂತ ಹೇಳಿ, ಅದ್ರಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿಂದ ಬರ್ಲಿ ಅಂತ ಕೂತಿರೋದೂ ಧ್ಯಾನಾನೇ. ‘ಅನ್ವೇಷಣೆ’ ಬಳಸಿ.

ದಾವಣಗೆರೆಯಿಂದ:
ಅನ್ವೇಷಣೆ ಅಂದ್ರೆ ಹುಡುಗ್ರಿಗೆ ಕೊಲಂಬಸ್ ನೆನಪಾಗ್ತಾನೆ ಸಾರ್. ಏನು ಉಪಯೋಗ ಅಂತ ಮೊದಲೇ ಕೇಳದೆ ಮಾಡೋ ಕೆಲಸ ಅನ್ನೋದು ಪದದಲ್ಲಿ ಕಾಣ್ಬೇಕು, ನಂಗೆ ಬೇಕಿರೋದು ಅಷ್ಟೇ. ನಮ್ಮ ಮಂಡಕ್ಕಿ ಭಟ್ಟಿ ನೋಡಿ, ಕಾದ ಉಸುಕಲ್ಲಿ ಅಕ್ಕಿ ಯಾಕೆ ಅರಳ್ತತಿ ಅಂತ ಕೇಳೋದು ಒಂದು, ಹೊಗೆ ಕಮ್ಮಿ ಬರೋ ಭಟ್ಟಿ ಕಟ್ಟೋದು ಇನ್ನೊಂದು, ಎರಡನೇದಕ್ಕೆ ಮಾಲೀಕ್ರು ದುಡ್ಡು ಹಾಕಿಯಾರು, ಮೊದಲನೇದಕ್ಕೆ ಸರ್ಕಾರ ಬಿಟ್ರೆ ಯಾರು? 1960ರ ದಶಕದಲ್ಲಿ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೇಲಿ ಇರೋ ಬ್ಯಾಕ್ಟೀರಿಯಾ ಹುಡುಕ್ತಾ ಕೂತಿದ್ದ ಥಾಮಸ್ ಬ್ರಾಕ್‌ಗೆ ಮುಂದೆ ಅದ್ರ ಕಿಣ್ವದಿಂದ ಡಿಎನ್‌ಎ ನಕಲು ಮಾಡೋ ಪಿಸಿಆರ್ ಪರೀಕ್ಷೆ ನಡೀತತಿ, ಕೊರೊನಾದಲ್ಲಿ ನಮ್ಮೆಲ್ಲರ ಮೂಗಿಗೆ ಕಡ್ಡಿ ಹಾಕ್ತಾರೆ ಅಂತ ಗೊತ್ತಿತ್ತಾ? 2025ರಲ್ಲಿ ಒಪ್ಪಿಗೆ ಆದ 1 ಲಕ್ಷ ಕೋಟಿ ನಿಧಿ ಖಾಸಗಿಯವ್ರು ಮಾಡೋ, ಲ್ಯಾಬ್ ದಾಟಿ ಮುಂದೆ ಬಂದ ತಂತ್ರಜ್ಞಾನಕ್ಕೆ. ಅದನ್ನೂ ಇದನ್ನೂ ಬರೀ ‘ಸಂಶೋಧನೆ’ ಅಂದ್ರೆ ಯಾವುದಕ್ಕೆ ದುಡ್ಡು ಸಿಕ್ಕಿಲ್ಲ ಅನ್ನೋದೇ ಕಾಣಲ್ಲ. ‘ಮೂಲವಿಜ್ಞಾನ ಸಂಶೋಧನೆ’ ಅಂತ ಹಾಕ್ತೀನಿ, ಕಾಂಪಿಟಿಟಿವ್‌ನೆಸ್‌ಗೆ ‘ಪೈಪೋಟಿ ಬಲ’.

ಚಿತ್ರದುರ್ಗದಿಂದ:
ಪೋಟಿ ತೆಲುಗು.

ಹಿರಿಯೂರಿಂದ:
ಇರಲಿ, ತೆಲುಗರು ನೆಂಟರು. ತಕರಾರು ಇರೋದು ಸಂಸ್ಕ್ರುತ, ಪಾರ್ಸಿ ಜೊತೆ.

ಚಳ್ಳಕೆರೆಯಿಂದ:
ತಕರಾರೂ ಆ ಕಡೆಯಿಂದಾನೇ ಬಂದಿದ್ದು. ಜಮೀನು, ದರಖಾಸ್ತು, ಸರ್ಕಾರ ಎಲ್ಲಾ ಪಾರ್ಸಿ, ಇವನ್ನೆಲ್ಲ ಬಿಟ್ಟು ತಾಲೂಕಾಫೀಸಿಗೆ ಒಂದು ಅರ್ಜಿ ಬರೀರಿ ನೋಡಾಣ. ಮೊಳಕಾಲ್ಮೂರಲ್ಲಿ ಒಳಗೆ ತೆಲುಗು ಬೀದಿಲಿ ಕನ್ನಡ ಅನ್ನೋ ಮನೆ ಎಷ್ಟಿಲ್ಲ, ಅಲ್ಲೋಗಿ ಯಾವುದು ಅಪ್ಪಟ ಅಂತ ಕೇಳ್ರಿ, ನೀರು ಕೊಟ್ಟು ಕಳಿಸ್ತಾರೆ.

ದಾವಣಗೆರೆಯಿಂದ:
ಜಗಳ ಮುಂದುವರಿಸಿ, ನಂದು ಮುಗೀತು. ಅಂಗಡಿಯವ್ನು ವಾಟ್ಸಾಪಲ್ಲಿ ಪ್ರೂಫ್ ಕಳಿಸಿದಾನೆ, ‘ಮೂಲವಿಜ್ಞಾನ ಸಂಶೋದನೆ’ ಅಂತ ಮಹಾಪ್ರಾಣ ಬಿಟ್ಟು ಹೊಡೆದಿದಾನೆ. ಮಹಾಪ್ರಾಣ ಇಲ್ದೇ ಬರೆಯೋ ಹಿರಿಯೂರಿನವ್ರಿಗೆ ಖುಷಿ ಆಗ್ಬಹುದು, ನಾನಂತೂ ತಿದ್ದಿಸೋಕೆ ಬೈಕ್ ತಗೊಂಡು ಹೊಂಟೆ.