ಅಪ್‌ಡೇಟ್: ಗಡೀಪಾರಾಗಿ ಹೋಬಾರ್ಟ್‌ಗೆ ಬಂದ ಪೂರ್ವಜೆಯ ದಾಖಲೆ ಸಿಕ್ಕಿತು

ಕೈದಿಯಾಗಿ ಇಂಗ್ಲೆಂಡಿನಿಂದ ಗಡೀಪಾರಾಗಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಹೋಬಾರ್ಟ್‌ ನಗರಕ್ಕೆ ಬಂದ ನನ್ನ ಪತಿಯ ಪೂರ್ವಜೆಯೊಬ್ಬರನ್ನು, ಮದುವೆಯ ನಂತರದ ಹೆಸರೊಂದನ್ನೇ ಹಿಡಿದು ಪತ್ತೆಹಚ್ಚುವುದು ಹೇಗೆಂದು ಹಿಂದೆ ಕೇಳಿದ್ದೆ. ಮೊದಲು ಹಡಗಿನ ಹೆಸರು ಹುಡುಕಿರೆಂದು ಹಿರಿಯರೊಬ್ಬರು ಕೊಟ್ಟ ಸಲಹೆಯೇ ದಾರಿ ತೋರಿತು. ಕೈದಿಗಳು ವಿವಾಹವಾಗಲು ಸರ್ಕಾರದ ಅನುಮತಿ ಬೇಕಿದ್ದುದರಿಂದ, ಆ ಅನುಮತಿಯ ವಹಿಯಲ್ಲಿ ಗಂಡನ ಹೆಸರಿನ ಪಕ್ಕದಲ್ಲೇ ಅವರ ತವರಿನ ಹೆಸರೂ ಹಡಗಿನ ಹೆಸರೂ ಸಿಕ್ಕವು. ಅಲ್ಲಿಂದ, ಟ್ಯಾಸ್ಮೇನಿಯಾದ ಪತ್ರಾಗಾರವು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿರುವ ನಡತೆಯ ದಾಖಲೆಯನ್ನು ತಲುಪುವುದು ಒಂದು ಸಂಜೆಯ ಕೆಲಸವಾಯಿತು.

ಕದ್ದದ್ದು ಒಂದು ಶಾಲು, ಶಿಕ್ಷೆ 7 ವರ್ಷ. ಎತ್ತರ, ಕಣ್ಣಿನ ಬಣ್ಣ, ಎಡಗೈಯ ಗಾಯದ ಗುರುತು ಎಲ್ಲವನ್ನೂ ಗುಮಾಸ್ತರು ಬರೆದಿಟ್ಟಿದ್ದರಿಂದ, ಭಾವಚಿತ್ರವೇ ಇಲ್ಲದ ಆ ಹೆಂಗಸು ನಮ್ಮ ಕಣ್ಣೆದುರು ನಿಂತಂತಾಯಿತು. 1828ರಲ್ಲಿ ಆರಂಭವಾದ ಕ್ಯಾಸ್ಕೇಡ್ಸ್ ಮಹಿಳಾ ಕಾರ್ಖಾನೆಗೆ (ಹೆಸರು ಕಾರ್ಖಾನೆಯಾದರೂ ಅದು ಸೆರೆಮನೆ) ಅವರನ್ನು ಎರಡು ಬಾರಿ ಕಳುಹಿಸಿದ್ದರು. ಎರಡನೆಯ ಬಾರಿ ಅವರು ಗರ್ಭಿಣಿ. ಹಾಲು ಬಿಡಿಸಿ ತಾಯಂದಿರಿಂದ ಅಗಲಿಸಿದ ಶಿಶುಗಳು ಅಲ್ಲಿ ಬಹುಸಂಖ್ಯೆಯಲ್ಲಿ ಸತ್ತವು, ಅವರ ಚೊಚ್ಚಲ ಮಗುವೂ ಉಳಿಯಲಿಲ್ಲ. ಆ ಸಾಲನ್ನು ಅತ್ತೆಯವರಿಗೆ ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ಹಡಗಿನ ವೈದ್ಯರು ಬರೆದ ದಿನಚರಿಗಾಗಿ ಈಗ ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಸೂಚಿಯನ್ನು ನೋಡುತ್ತಿದ್ದೇನೆ.