ಫೈರ್‌ಕ್ಲೇ ಬೆರೆಸಿದ ಬಟ್ಟಲುಗಳಲ್ಲಿ ಕಪ್ಪು ಚುಕ್ಕೆ, ಗುಳ್ಳೆ: ಕಾರಣವೇನು?

ಪ್ರಶ್ನೆ (ಮಣ್ಣಿನಮನೆ): ಎಲ್ಲರಿಗೂ ನಮಸ್ಕಾರ. ಹೆಚ್ಚು ಶಾಖಕ್ಕೆ ಸುಟ್ಟು ಗಟ್ಟಿ ಪಾತ್ರೆ ಮಾಡುವ ಸ್ಟೋನ್‌ವೇರ್ ಮಣ್ಣಿಗೆ ನಾನು ಕಾಲು ಭಾಗ ಫೈರ್‌ಕ್ಲೇ (ಶಾಖ ತಡೆಯುವ ಮಣ್ಣು) ಬೆರೆಸುತ್ತೇನೆ. ಹೊಸ ಮೂಟೆಯ ಮಣ್ಣಿನ ಬಟ್ಟಲುಗಳನ್ನು 1240 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟಾಗ ಮೈಮೇಲೆ ಕಪ್ಪು ಚುಕ್ಕೆಗಳೂ ದಪ್ಪ ತಳದಲ್ಲಿ ಗುಳ್ಳೆಗಳೂ ಎದ್ದಿವೆ. 1500 ಡಿಗ್ರಿಗೂ ಕರಗದೆಂದು ಹೇಳಿ ಮಾರುವ ಮಣ್ಣು ಹೀಗೇಕಾಗುತ್ತದೆ?

ಉತ್ತರ (ಕುಲುಮೆ): ಫೈರ್‌ಕ್ಲೇಯ ಮುಖ್ಯ ಖನಿಜ ಕೆಯೋಲಿನೈಟ್. ಶುದ್ಧ ಕೆಯೋಲಿನೈಟ್‌ನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 46.5% ಸಿಲಿಕಾ, 39.5% ಅಲ್ಯೂಮಿನಾ ಮತ್ತು 14% ನೀರು ಇರುತ್ತವೆ. ಅದು ಮೆತ್ತಗಾಗಲು 1700 ಡಿಗ್ರಿ ದಾಟಬೇಕು. ಆದರೆ ರಾಣಿಗಂಜ್, ಝರಿಯಾ ಮೊದಲಾದ ಕಡೆ ಕಲ್ಲಿದ್ದಲಿನ ಪದರಗಳೊಂದಿಗೆ ದೊರೆಯುವ ಇಂಥ ಮಣ್ಣಿನಲ್ಲಿ ಇಂಗಾಲದ ಅಂಶವೂ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜವೂ ಸೇರಿರಬಹುದು. ಶಾಖ ತಡೆಯುವ ಗುಣ ಒಟ್ಟು ಮಣ್ಣಿನದೇ ಹೊರತು ಅದರೊಳಗಿನ ಪ್ರತಿಯೊಂದು ಕಣದ್ದಲ್ಲ; ಆದ್ದರಿಂದ ಪೈರೈಟ್‌ನ ಒಂದು ಹರಳು ತಾನಿರುವ ಜಾಗದಲ್ಲೇ ಕರಗಿ ಚುಕ್ಕೆಯಾಗುತ್ತದೆ. ಗುಳ್ಳೆಯ ಕಾರಣ ಬೇರೆ. ಇಂಗಾಲ ಪೂರ್ತಿ ಉರಿದುಹೋಗುವ ಮೊದಲೇ ಮೈ ಬಿಗಿದುಕೊಂಡರೆ, ಒಳಗುಳಿದ ಇಂಗಾಲವು ಕಬ್ಬಿಣದ ಆಕ್ಸೈಡನ್ನು ಅಪಕರ್ಷಿಸಿ (ಅದರ ಆಮ್ಲಜನಕವನ್ನು ಕಿತ್ತುಕೊಂಡು) ಬೇಗ ಕರಗುವಂತೆ ಮಾಡುತ್ತದೆ. ಹೊರಬರಲಾಗದ ಅನಿಲ ಮೆತ್ತಗಾದ ಮಣ್ಣನ್ನು ಉಬ್ಬಿಸುತ್ತದೆ. ಗುಳ್ಳೆಯೆದ್ದ ತಳವೊಂದನ್ನು ಒಡೆದು, ನಡುವೆ ಕಪ್ಪು ಪಟ್ಟಿ ಇದೆಯೇ ಎಂದು ದಯವಿಟ್ಟು ನೋಡಿ.

ಉತ್ತರ (ಆವಿಗೆ): ಇಟ್ಟಿಗೆ ಕಟ್ಟುವ ಗಾರೆಗೆಂದು ಅರೆದ ಫೈರ್‌ಕ್ಲೇ ಪುಡಿಯೇ ನಿಮಗೆ ಬಂದಿರಲೂಬಹುದು, ಗಾರೆಯಲ್ಲಿ ಚುಕ್ಕೆಯಿಂದ ಯಾರಿಗೂ ತೊಂದರೆಯಿಲ್ಲ. ನೀರಿನಲ್ಲಿ ಕಲಸಿ 60 ಮೆಶ್ (ಅಂಗುಲಕ್ಕೆ 60 ಕಣ್ಣುಗಳ) ಜರಡಿಯಲ್ಲಿ ಸೋಸಿದರೆ ದಪ್ಪ ಹರಳುಗಳು ಹೋಗುತ್ತವೆ. ಅದರ ಜೊತೆಗೆ, ಕುಗ್ಗುವಿಕೆಯನ್ನು ಹಿಡಿದಿಡುವ ಒರಟು ಕಣಗಳೂ ಹೋಗುವುದರಿಂದ, ಸುಟ್ಟು ಪುಡಿಮಾಡಿದ ಮಣ್ಣಾದ ಗ್ರಾಗ್ ಅನ್ನು ಆ ಪ್ರಮಾಣದಲ್ಲಿ ಸೇರಿಸಿಕೊಳ್ಳುವುದು ಅಗತ್ಯ.

ಮಣ್ಣಿನಮನೆ: ಒಡೆದು ನೋಡಿದೆ ಸರ್. ಅಂಚಿನಲ್ಲಿ ತಿಳಿ ಕಂದು, ನಡುವೆ ಇದ್ದಿಲಿನಂಥ ಕಪ್ಪು.

ಕುಲುಮೆ: ಹಾಗಾದರೆ ಇಂಗಾಲ ಉಳಿದಿರುವುದು ಖಚಿತ. ಮೊದಲ ಸುಡುವಿಕೆಯಲ್ಲಿ 700ರಿಂದ 900 ಡಿಗ್ರಿಯವರೆಗೆ ಬಹಳ ನಿಧಾನವಾಗಿ ಏರಿಸಿ, ಗಾಳಿಕಿಂಡಿ ತೆರೆದಿಡಿ, ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಬೇಡಿ. ಮುಂದಿನ ಮೂಟೆಗೆ ಮುನ್ನ ಮಾರಾಟಗಾರರಿಂದ ರಾಸಾಯನಿಕ ವಿಶ್ಲೇಷಣೆಯ ಪಟ್ಟಿ ಕೇಳಿರಿ: ಕಬ್ಬಿಣದ ಆಕ್ಸೈಡ್ ಎಷ್ಟಿದೆ ಎಂಬುದರ ಜೊತೆಗೆ, ಸುಟ್ಟಾಗ ಕಳೆದುಹೋಗುವ ತೂಕವನ್ನೂ ನೋಡಿ. ಅದು ಕೆಯೋಲಿನೈಟ್‌ನ ನೀರಿನ ಪಾಲಾದ 14% ಅನ್ನು ಮೀರಿದ್ದರೆ ಹೆಚ್ಚಾಗಿ ಇಂಗಾಲವೇ ಕಾರಣ.